ಅಮೆರಿಕದ ಒರೆಗನ್ ರಾಜ್ಯದಲ್ಲಿ ಗ್ಯಾಸ್ (ಅಂದರೆ ಪೆಟ್ರೋಲ್) ನೀವೇ ಹಾಕಿಕೊಳ್ಳಬಹುದು
ಒರೆಗನ್‌ಗೆ ಹೊಸದಾಗಿ ಬಂದಿದ್ದೀರಿ, ಗ್ಯಾಸ್ ನಾನೇ ತುಂಬಿಸಿಕೊಳ್ಳಲಾ ಅಥವಾ ಅಟೆಂಡೆಂಟ್‌ಗೆ ಬಿಡಲಾ ಅಂತ ಕೇಳಿದ್ದೀರಿ. ಎರಡೂ ನಡೆಯುತ್ತದೆ. 1951ರಿಂದ ಇದ್ದ ಸೆಲ್ಫ್ ಸರ್ವಿಸ್ ನಿಷೇಧವನ್ನು 2023ರಲ್ಲಿ ತೆಗೆದರು. ಜನ ಜಾಸ್ತಿ ಇರುವ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಅರ್ಧ ಪಂಪ್‌ಗಳಿಗಾದರೂ ಅಟೆಂಡೆಂಟ್ ಇರಲೇಬೇಕು, ಬೆಲೆಯೂ ಎರಡು ಬಗೆಯ ಪಂಪ್‌ಗಳಲ್ಲಿ ಒಂದೇ ಇರಬೇಕು.

ನನಗಂತೂ ನಾನೇ ಹಾಕಿಕೊಳ್ಳುವುದು ಇಷ್ಟ. ಸುಮ್ನೆ ಕಾಯುತ್ತಾ ಕೂರಬೇಕಿಲ್ಲ, ಕಾರ್ಡ್ ಬೇರೆಯವರ ಕೈಗೆ ಕೊಡಬೇಕಿಲ್ಲ. ಹಾಗಂತ ಅಟೆಂಡೆಂಟ್‌ಗಳೇ ಬೇಡ ಎಂದು ನಾನು ಹೇಳುವುದಿಲ್ಲ. ಮಂಡಿನೋವಿನ ಹಿರಿಯರು, ವೀಲ್‌ಚೇರ್ ಬಳಸುವವರು, ಹಿಂದಿನ ಸೀಟಿನಲ್ಲಿ ಮಗು ಮಲಗಿಸಿಕೊಂಡು ಬಂದವರು ಏನು ಮಾಡಬೇಕು? ಅವರಿಗೆ ಅದು ನಿಜವಾದ ಆಸರೆ, ಅಲ್ವಾ? ಆ ಅರ್ಧ ಪಂಪ್‌ಗಳ ನಿಯಮ ಉಳಿಯಲೇಬೇಕು.

ನ್ಯೂಜೆರ್ಸಿಗೆ ಹೋದಾಗ ಮಾತ್ರ ನೀವೇ ಹಾಕಲು ಹೋಗಬೇಡಿ. ಅಲ್ಲಿ 1949ರ ನಿಷೇಧ ಇನ್ನೂ ಇದೆ.