ದಾವಣಗೆರೆಯಲ್ಲಿ ಮುಧೋಳ ಮರಿ ಸಾಕಿದ್ದೇನೆ. ಶ್ವಾನ ಪ್ರದರ್ಶನಕ್ಕೆ ಇಳಿಸಲು ಎಲ್ಲಿಂದ ಶುರು ಮಾಡಬೇಕು?

ಕಾಗದಪತ್ರಗಳಿಂದ. ತಳಿನಾಯಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ಮರಿಯ ನೋಂದಣಿ ಆಗಿದೆಯೇ, ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಹಾಕಿಸಿದ್ದಾರೆಯೇ ಎಂದು ಮಾರಿದವರನ್ನು ಕೇಳಿ. ಮಾಲೀಕತ್ವವನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಅಲ್ಲಿನ ದಾಖಲೆಯಲ್ಲಿ ಈ ತಳಿಯ ಹೆಸರು ಕಾರವಾನ್ ಹೌಂಡ್.

ಉಳಿದದ್ದೆಲ್ಲ ಅಭ್ಯಾಸ. ತೀರ್ಪುಗಾರರು ಅಂದದ ಸ್ಪರ್ಧೆ ನಡೆಸುವುದಿಲ್ಲ. ಪ್ರತಿ ತಳಿಗೂ ಎತ್ತರ, ತಲೆ, ಹಲ್ಲಿನ ಜೋಡಣೆ, ನಡಿಗೆ ಹೀಗಿರಬೇಕು ಎಂಬ ಲಿಖಿತ ಮಾನದಂಡವಿದೆ. ನಿಮ್ಮ ನಾಯಿ ಅದಕ್ಕೆ ಎಷ್ಟು ಹತ್ತಿರ ಎಂದಷ್ಟೇ ಅಳೆಯುತ್ತಾರೆ. ಅಳೆಯಲು ಅದು ಅಲುಗದೆ ನಿಲ್ಲಬೇಕು, ಅಪರಿಚಿತರು ಬಾಯಿ ಬಿಡಿಸಿ ಹಲ್ಲು ನೋಡಲು ಬಿಡಬೇಕು, ಹಗ್ಗ ಜಗ್ಗದೆ ಪಕ್ಕದಲ್ಲಿ ಹದವಾಗಿ ಓಡಬೇಕು. ಒಳ್ಳೆಯ ನಾಯಿಯೂ ಬೆದರಿ ಮುದುಡಿ ನಿಂತರೆ ಅದರ ಮೈಕಟ್ಟು ಕಾಣುವುದೇ ಇಲ್ಲ. ಮುಧೋಳ ನಾಯಿಗಳಿಗೆ ಅಪರಿಚಿತರು ಮುಟ್ಟುವುದು ಹಿಡಿಸುವುದಿಲ್ಲ, ಹಾಗಾಗಿ ಇದನ್ನು ಈಗಲೇ ರೂಢಿ ಮಾಡಿಸಿ. ಬಿಸಿಲೇರುವ ಮೊದಲು ಹೈಸ್ಕೂಲ್ ಮೈದಾನಕ್ಕೆ ಕರೆದೊಯ್ದು, ಪರಿಚಯಸ್ಥರಿಂದ ಮೈ ಸವರಿಸಿ, ಹಲ್ಲು ನೋಡಿಸಿ.

ಗಿಡ್ಡ ಕೂದಲಿನ ತಳಿ, ಅಲಂಕಾರದ ಖರ್ಚಿಲ್ಲ: ಉಗುರು ಕತ್ತರಿಸಿ ಮೈ ಒರೆಸಿದರಾಯಿತು. ಬೆಣ್ಣೆ ದೋಸೆಯ ಚೂರು ಮಾತ್ರ ಹಾಕಬೇಡಿ. ತೆಳ್ಳಗಿರಬೇಕಾದ ಬೇಟೆನಾಯಿ ಇದು. ಮೊದಲ ಪ್ರದರ್ಶನಕ್ಕೆ ನಾಯಿಯಿಲ್ಲದೆ, ಪ್ರೇಕ್ಷಕರಾಗಿ ಹೋಗಿ ಬನ್ನಿ.