ತೋಟದ ರೈಟರ್ ಬರೆದದ್ದೇನು?

ಪ್ರಶ್ನೆ: ನಮ್ಮ ತಾತ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಬೆಂಗಳೂರಿನ ಗೆಳತಿಯರಿಗೆ ಹೇಳಿದರೆ ‘ಯಾವ ಕಾದಂಬರಿ ಬರೆದಿದ್ದಾರೆ?’ ಅಂತ ನಗುತ್ತಾರೆ. ತೋಟದವರ ಇಂಗ್ಲಿಷ್ ತಪ್ಪಾ ಮೇಷ್ಟ್ರೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ತಪ್ಪೇನೂ ಇಲ್ಲಮ್ಮ. ನಿಮ್ಮ ತಾತ ಬರೆದದ್ದು ಚೆಕ್‌ರೋಲ್, ಅಂದರೆ ತೋಟದ ಆಳುಗಳ ಹಾಜರಿ-ಲೆಕ್ಕದ ಪುಸ್ತಕ. ಯಾರು ಕೆಲಸಕ್ಕೆ ಬಂದರು, ಯಾರದ್ದು ಅರ್ಧ ದಿನ, ಸಂಜೆ ತೂಕದಲ್ಲಿ ಯಾರ ಚೀಲಕ್ಕೆ ಎಷ್ಟು ಕೆಜಿ ಹಣ್ಣು ಬಂತು, ಎಲ್ಲ ಅದರಲ್ಲಿ. ಬಟವಾಡೆ ದಿನ ಒಂದು ಸಾಲು ಹೆಚ್ಚುಕಮ್ಮಿಯಾದರೂ ಆಳುಗಳು ಇರುವ ಲೈನ್ ಮನೆಗಳಲ್ಲಿ ಗಲಾಟೆ. ಯಾವ ಕಾದಂಬರಿಯನ್ನೂ ಜನ ಅಷ್ಟು ಗಮನವಿಟ್ಟು ಓದಿದ್ದು ನಾನಂತೂ ನೋಡಿಲ್ಲ!

ಈ ಅರ್ಥ ನಮ್ಮ ತೋಟಗಳಿಗಿಂತ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಹುಡುಗರು ಮೊದಲು ಸೇರುತ್ತಿದ್ದದ್ದೇ ರೈಟರ್ ಆಗಿ. ಲೆಕ್ಕ ಬರೆಯಬೇಕು, ಕಾಗದ ನಕಲು ಮಾಡಬೇಕು. 1744ರಲ್ಲಿ ಮದ್ರಾಸಿಗೆ ಬಂದಿಳಿದ ರಾಬರ್ಟ್ ಕ್ಲೈವ್ ಕೂಡ ಆಗ ಬರೀ ರೈಟರ್. ಕೋಲ್ಕತ್ತಾದ ರೈಟರ್ಸ್ ಬಿಲ್ಡಿಂಗ್ ಇಂಥವರಿಗಾಗಿ ಕಟ್ಟಿದ್ದು. ಹೆಸರು ಕೇಳಿ ಕವಿಗಳ ಮನೆ ಅಂದುಕೊಳ್ಳಬೇಡಿ. ನಮ್ಮ ಪೊಲೀಸ್ ಠಾಣೆಯ ರೈಟರ್ ಮಾಡುವುದೂ ಅಂಥದ್ದೇ ಕೆಲಸ, ಅಲ್ವಾ?

ಇನ್ನೂ ಹಿಂದಕ್ಕೆ ಹೋದರೆ ಇಂಗ್ಲಿಷಿನ ‘ರೈಟ್’ ಕ್ರಿಯಾಪದದ ಹಳೆಯ ಅರ್ಥ ಗೀರುವುದು, ಕೊರೆಯುವುದು. ಮರ, ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದ ಕಾಲದ್ದು. ಹೈಕೋರ್ಟಿನ ರಿಟ್ ಅರ್ಜಿಯ ‘ರಿಟ್’ ಇದರ ದಾಯಾದಿ. ಅಲ್ಲಿ ಅದರ ಅರ್ಥ ಬರಹದಲ್ಲಿ ಹೊರಟ ಆಜ್ಞೆ. ಸ್ಕಾಟ್ಲೆಂಡಿನಲ್ಲಂತೂ ‘ರೈಟರ್ ಟು ದ ಸಿಗ್ನೆಟ್’ ಅಂದರೆ ವಕೀಲ.

ನನಗೆ ತುಂಬ ಇಷ್ಟವಾದದ್ದು ವಿಮೆಯವರ ಅಂಡರ್‌ರೈಟರ್. 17ನೇ ಶತಮಾನದ ಕೊನೆಗೆ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿ ಅಂಗಡಿ ಇತ್ತು. ಹಡಗಿನವರು, ವ್ಯಾಪಾರಿಗಳು ಅಲ್ಲಿ ಸೇರುತ್ತಿದ್ದರು. ಹಡಗಿನ ವಿಮೆಗೆ ಒಂದು ಕಾಗದ. ನಷ್ಟವಾದರೆ ನನ್ನ ಪಾಲು ಇಷ್ಟು ಅಂತ ಒಪ್ಪಿದವರು ಅದರ ಕೆಳಗೆ ಹೆಸರು ಬರೆಯುತ್ತಿದ್ದರು. ಕೆಳಗೆ ಬರೆದವನು ಅಂಡರ್‌ರೈಟರ್. ಅವರು ಕುಡಿಯುತ್ತಿದ್ದ ಕಾಫಿ ನಮ್ಮ ಜಿಲ್ಲೆಯದಲ್ಲ ಬಿಡಿ, ಆಗೆಲ್ಲ ಬೀಜ ಯೆಮೆನ್ನಿನ ಮೋಕಾ ಬಂದರಿನಿಂದ ಹೋಗುತ್ತಿತ್ತು.