ನಾಯಿಯ ಕಣ್ಣಿನ ಕೆಳಗೆ ಊತ, ಬಾಯಿ ವಾಸನೆ: ಕಣ್ಣಿನ ಗಡ್ಡೆಯಾ?

ನಿಮ್ಮ 9 ವರ್ಷದ ನಾಯಿಗೆ ಕಣ್ಣಿನ ಕೆಳಗೆ ಊತ, ಬಾಯಿ ವಾಸನೆ ಇದೆ, ಇದು ಕಣ್ಣಿನ ಗಡ್ಡೆಯಾ ಎಂದು ಕೊಪ್ಪಳದಿಂದ ಕೇಳಿದ್ದೀರಿ. ಮೊದಲು ಅದರ ಬಾಯಿ ನೋಡಿ. ಮೇಲ್ದವಡೆಯ ದೊಡ್ಡ ಹಲ್ಲಿನ ಬೇರು ಕಣ್ಣಿನ ಕೆಳಗೇ ಇರುತ್ತದೆ, ಅಲ್ಲಿ ಕೀವು ಕಟ್ಟಿದರೆ ಕೆನ್ನೆ ಊದಿ ಕೆಲವೊಮ್ಮೆ ಒಡೆದು ಸೋರುತ್ತದೆ, ನೋಡಿದವರು ಕಣ್ಣಿನ ರೋಗ ಅಂದ್ಕೊಳ್ತಾರೆ. ಪಾಪ, ರೊಟ್ಟಿಯನ್ನು ಒಂದೇ ಕಡೆ ಅಗಿಯುತ್ತಿದೆಯಾ? ಮೆಲ್ಲಗೆ ತುಟಿ ಎತ್ತಿ. ಹಲ್ಲಿನ ಬುಡದಲ್ಲಿ ಗಟ್ಟಿ ಕಂದು ಕಿಟ್ಟ, ಕೆಂಪಗೆ ಊದಿದ ಒಸಡು ಕಂಡರೆ ಒಸಡಿನ ರೋಗವೇ.

ರೆಪ್ಪೆಯ ಅಂಚಿನ ಸಣ್ಣ ಗಂಟು ವಯಸ್ಸಾದ ನಾಯಿಗಳಲ್ಲಿ ಜಾಸ್ತಿ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಕಣ್ಣಿನೊಳಗೆ ಕಪ್ಪು ಕಲೆ ಬೆಳೆಯುತ್ತಿದ್ದರೆ ತಡ ಮಾಡಬೇಡಿ, ಒಳಗಿನ ಒತ್ತಡ ಏರಿ ದೃಷ್ಟಿ ಹೋಗಬಹುದು. ಪಶುವೈದ್ಯರ ಹತ್ತಿರ ಹಲ್ಲಿನ ಎಕ್ಸ್‌ರೇ ಆಗುತ್ತಾ ಕೇಳಿ. ಮನುಷ್ಯರ ಟೂತ್‌ಪೇಸ್ಟ್ ಮಾತ್ರ ಹಚ್ಚಬೇಡಿ, ಕೆಲವದರಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.